ಕಾಮನ್ ತೆಗೆಯಲು ಕ್ಯಾಸಿಯೋ 991ಇಎಸ್ ಪ್ಲಸ್: ಹುಡುಕಿ ಕೊಡುತ್ತದೆ, ತೆಗೆದು ಕೊಡುವುದಿಲ್ಲ

ಎಂಜಿನಿಯರಿಂಗ್, ಡಿಪ್ಲೊಮಾ ಓದುವವರ ಬ್ಯಾಗಿನಲ್ಲಿ ಹೆಚ್ಚಾಗಿ ಕಾಣುವ ಕ್ಯಾಲ್ಕುಲೇಟರ್ ಕ್ಯಾಸಿಯೋ ಎಫ್‌ಎಕ್ಸ್-991ಇಎಸ್ ಪ್ಲಸ್. ಮ್ಯಾಟ್ರಿಕ್ಸ್ ಹೇಗೆ ಮಾಡುತ್ತದೆ, ಇಂಟಿಗ್ರೇಶನ್‌ಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಹೇಳುವ ವಿಮರ್ಶೆಗಳಿಗೆ ಬರವಿಲ್ಲ. ಇಲ್ಲಿ ನೋಡಹೊರಟಿರುವುದು ಅದರಲ್ಲಿ ಯಾರೂ ಅಷ್ಟಾಗಿ ಮುಟ್ಟದ ಎರಡು ಮೂರು ಗುಂಡಿಗಳನ್ನು. ಅದೂ ಶಾಲೆಯ ಒಂದೇ ಒಂದು ಕೆಲಸಕ್ಕೆ: ಸಂಖ್ಯೆಗಳ ಉಕ್ತಿಯಿಂದ ಸಾಮಾನ್ಯ ಅಪವರ್ತನವನ್ನು ಆವರಣದ ಹೊರಗೆ ತರುವುದು. ತರಗತಿಯ ಮಾತಿನಲ್ಲಿ 'ಕಾಮನ್ ತೆಗೆಯೋದು'.

ಎಸ್ಸೆಸ್ಸೆಲ್ಸಿ ಪರೀಕ್ಷೆಗಾಗಲಿ ಸಿಇಟಿಗಾಗಲಿ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಹಾಗಾಗಿ ಈ ಕೆಲಸಕ್ಕೆ ಇದು ಪರೀಕ್ಷಾ ಕೊಠಡಿಯ ವಸ್ತುವಲ್ಲ. ಮನೆಯಲ್ಲಿ ಮಕ್ಕಳ ಲೆಕ್ಕ ತಿದ್ದುವವರು, ಟ್ಯೂಷನ್ ಹೇಳುವವರು, ಅಭ್ಯಾಸಕ್ಕೆ ಹೊಸ ಲೆಕ್ಕ ಕಟ್ಟುವ ಮೇಷ್ಟ್ರುಗಳು ಇದನ್ನು ಬಳಸಬಹುದಾದವರು. ಅವರ ಕಣ್ಣಿನಿಂದಲೇ ನೋಡೋಣ.

ಮೊದಲು ನಿರಾಸೆಯ ಸಂಗತಿ ಹೇಳಿಬಿಡುವುದು ಒಳ್ಳೆಯದು. 168 + 252 − 396 ಎಂದು ಒತ್ತಿ ಸಮಚಿಹ್ನೆ ಒತ್ತಿದರೆ ಪರದೆಯ ಮೇಲೆ 24 ಬರುತ್ತದೆ, ಅಷ್ಟೆ. 12(14 + 21 − 33) ಎಂದು ಬರೆದು ತೋರಿಸುವ ಗುಂಡಿ ಈ ಯಂತ್ರದಲ್ಲಿ ಇಲ್ಲ. ಇದು ಈ ಮಾದರಿಯೊಂದರ ಕೊರತೆಯೂ ಅಲ್ಲ. ಲೆಕ್ಕ ಹಾಕುವುದು ಕ್ಯಾಲ್ಕುಲೇಟರಿನ ಕೆಲಸ. ಕಾಮನ್ ತೆಗೆಯುವುದೆಂದರೆ ಲೆಕ್ಕವನ್ನು ಹಾಕದೆ ತಡೆದು ನಿಲ್ಲಿಸಿ, ಅದರ ರೂಪವನ್ನಷ್ಟೇ ಬದಲಿಸುವುದು. ಸಂಖ್ಯೆಗಳು ಒಮ್ಮೆ ಕೂಡಿಕೊಂಡು 24 ಆದಮೇಲೆ ಅದರೊಳಗೆ 168 ಎಲ್ಲಿತ್ತು, 396 ಎಲ್ಲಿತ್ತು ಎಂದು ಯಾವ ಯಂತ್ರಕ್ಕೂ ಗೊತ್ತಾಗುವುದಿಲ್ಲ. ಈ ಕೆಲಸದಲ್ಲಿ ಎರಡು ಭಾಗಗಳಿವೆ: ಯಾವ ಸಂಖ್ಯೆಯನ್ನು ಹೊರಗೆ ತರಬೇಕೆಂದು ಹುಡುಕುವುದು, ಆಮೇಲೆ ಅದನ್ನು ತಂದು ಆವರಣ ಬರೆಯುವುದು. ಯಂತ್ರದಿಂದ ಆಗುವುದು ಮೊದಲನೆಯದು.

ಹುಡುಕುವ ಗುಂಡಿ

ಗುಣಾಕಾರದ ಗುಂಡಿಯ ಮೇಲೆ ಕೆಂಪಕ್ಷರದಲ್ಲಿ ಜಿಸಿಡಿ, ಭಾಗಾಕಾರದ ಗುಂಡಿಯ ಮೇಲೆ ಎಲ್‌ಸಿಎಂ ಎಂದಿದೆ. ಕೆಂಪಕ್ಷರದ ಕೆಲಸಕ್ಕೆ ಮೊದಲು ಆಲ್ಫಾ ಒತ್ತಬೇಕು. ನಮ್ಮ ಪಠ್ಯಪುಸ್ತಕಗಳು ಎಚ್‌ಸಿಎಫ್ ಅಥವಾ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎಲ್ಲ ಪದಗಳನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಎನ್ನುತ್ತವೆ; ಯಂತ್ರದ ಜಿಸಿಡಿ ಅದೇ. ಇಲ್ಲಿ ಕನ್ನಡ ಮಾಧ್ಯಮದವರಿಗೆ ಒಂದು ತೊಡಕಿದೆ. ಮ.ಸಾ.ಅ., ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ, ಯಂತ್ರದ ಎಲ್‌ಸಿಎಂ) ಎರಡೂ 'ಅ'ದಲ್ಲೇ ಮುಗಿಯುತ್ತವೆ. ಮೊದಲನೆಯದರಲ್ಲಿ 'ಅ' ಎಂದರೆ ಅಪವರ್ತನ, ಎರಡನೆಯದರಲ್ಲಿ ಅಪವರ್ತ್ಯ. ಕಾಮನ್ ತೆಗೆಯಲು ಬೇಕಾದದ್ದು ಅಪವರ್ತನ, ಅಂದರೆ ಗುಣಾಕಾರದ ಗುಂಡಿ. ಭಾಗಾಕಾರದ ಗುಂಡಿಗೆ ಕೈ ಹೋದರೆ 84 ಮತ್ತು 126ಕ್ಕೆ 42ರ ಬದಲು 252 ಬರುತ್ತದೆ. ಹೊರಗೆ ತೆಗೆಯಬೇಕಾದ ಸಂಖ್ಯೆ ಉಕ್ತಿಯಲ್ಲಿ ಮೊದಲಿಗಿದ್ದ ಪದಗಳಿಗಿಂತ ದೊಡ್ಡದಾಗಿ ಕಂಡಿತೆಂದರೆ ತಪ್ಪು ಗುಂಡಿ ಒತ್ತಿದ್ದೀರಿ.

84 + 126 ಎಂಬ ಉಕ್ತಿಗೆ ಒತ್ತಬೇಕಾದ ಕ್ರಮ ಹೀಗೆ: ಆಲ್ಫಾ, ×, 84, ಶಿಫ್ಟ್, ಆವರಣ ಮುಚ್ಚುವ ಗುಂಡಿ, 126, ಮತ್ತೆ ಆವರಣ ಮುಚ್ಚುವ ಗುಂಡಿ, ಸಮಚಿಹ್ನೆ. ಉತ್ತರ 42. ನಡುವೆ ಶಿಫ್ಟ್ ಒತ್ತಿ ಆವರಣ ಒತ್ತುವುದು ಅಲ್ಪವಿರಾಮಕ್ಕಾಗಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಶಿಫ್ಟ್ ಮರೆತರೆ 84ರ ಪಕ್ಕದಲ್ಲೇ ಆವರಣ ಮುಚ್ಚಿಹೋಗಿ ಯಂತ್ರ ದೋಷ ತೋರಿಸುತ್ತದೆ. ಕೊನೆಯ ಆವರಣವನ್ನು ಬಿಟ್ಟರೂ ನಡೆಯುತ್ತದೆ, ಸಮಚಿಹ್ನೆಯೇ ಅದನ್ನು ಮುಚ್ಚಿಕೊಳ್ಳುತ್ತದೆ.

ಅಂಕಿಗಳನ್ನೂ ಸೇರಿಸಿ ಎಣಿಸಿದರೆ ಇದು 11 ಒತ್ತು. 126ರಲ್ಲಿ 84 ಕಳೆದರೆ 42, 84 ಅದರ ಎರಡರಷ್ಟು ಎಂದು ಬಾಯಲ್ಲಿ ಹೇಳುವಷ್ಟರಲ್ಲಿ ಈ ಲೆಕ್ಕ ಮುಗಿದಿರುತ್ತದೆ. ಆದ್ದರಿಂದ ಎರಡಂಕಿ, ಸಣ್ಣ ಮೂರಂಕಿ ಸಂಖ್ಯೆಗಳಿಗೆ ಯಂತ್ರ ಕೈಗೆತ್ತಿಕೊಳ್ಳುವುದೇ ದಂಡ. 1088 ಮತ್ತು 612ರಂಥ ಜೋಡಿ ಬಂದಾಗ ಅದರ ಬೆಲೆ ತಿಳಿಯುತ್ತದೆ. ಅವೆರಡರ ಮ.ಸಾ.ಅ. 68. ಮಗ್ಗಿ ಎಷ್ಟೇ ಬಾಯಿಪಾಠವಿದ್ದರೂ 17 ಅಲ್ಲಿ ಅಡಗಿದೆ ಎಂದು ಥಟ್ಟನೆ ಕಾಣುವವರು ಕಡಿಮೆ.

ಈ ಗುಂಡಿಯ ಮೊದಲ ಮಿತಿ: ಒಂದು ಸಲಕ್ಕೆ ಎರಡೇ ಸಂಖ್ಯೆ. ಮೂರು ಪದಗಳಿದ್ದರೆ ಒಂದರೊಳಗೆ ಒಂದನ್ನು ಇಡಬೇಕು. ಮೊದಲಿನ ಉದಾಹರಣೆಗೆ ಜಿಸಿಡಿ(ಜಿಸಿಡಿ(168, 252), 396). ಒಳಗಿನದು 84 ಆಗುತ್ತದೆ, 84 ಮತ್ತು 396 ಸೇರಿ 12. ಗುಂಡಿ ಎಣಿಕೆ ಏರುತ್ತದೆ, ಆವರಣ ತಪ್ಪುವುದೂ ಏರುತ್ತದೆ. ಎರಡು ಹಂತದಲ್ಲಿ ಮಾಡುವುದು ಸುಲಭ: ಮೊದಲು 168, 252ರದ್ದು ತೆಗೆದು, ಮುಂದಿನದರಲ್ಲಿ ಮೊದಲ ಸಂಖ್ಯೆಯ ಜಾಗಕ್ಕೆ ಆನ್ಸ್ ಗುಂಡಿ (ಕೊನೆಗೆ ಬಂದ ಉತ್ತರವನ್ನು ಕರೆತರುವುದು) ಒತ್ತುವುದು. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಸ್ಪ್ರೆಡ್‌ಶೀಟ್ ಇದ್ದವರು ಅಲ್ಲಿಯ ಜಿಸಿಡಿಗೆ ಮೂರನ್ನೂ ಒಟ್ಟಿಗೆ ಕೊಡಬಹುದು, ಪುಕ್ಕಟೆ. ಆ ಮಟ್ಟಿಗೆ ಈ ಯಂತ್ರ ಹಿಂದೆ.

ಆನ್ಸ್ ಗುಂಡಿ ಕೊಡುವ ಪೆಟ್ಟು

ಈಗ ಎರಡನೇ ಭಾಗ. 84 + 126ರಲ್ಲಿ 42 ಸಿಕ್ಕಿತು. ಆವರಣದೊಳಗೆ ಏನು ಉಳಿಯುತ್ತದೆ ಎಂದು ತಿಳಿಯಲು ಪ್ರತಿ ಪದವನ್ನೂ 42ರಿಂದ ಭಾಗಿಸಬೇಕು. ಪರದೆಯ ಮೇಲೆ 42 ಇದೆಯಲ್ಲ, ಆನ್ಸ್ ಬಳಸಿದರಾಯಿತು ಅನ್ನಿಸುತ್ತದೆ. 84 ÷ ಆನ್ಸ್ ಒತ್ತಿದರೆ 2, ಸರಿ. 126 ÷ ಆನ್ಸ್ ಒತ್ತಿದರೆ? 63 ಬರುತ್ತದೆ. ಏಕೆಂದರೆ ಆ ಹೊತ್ತಿಗೆ ಆನ್ಸ್‌ನಲ್ಲಿ ಇರುವುದು 42 ಅಲ್ಲ, ಈಗಷ್ಟೇ ಬಂದ 2. ನೋಡದೆ ಬರೆದುಕೊಂಡರೆ 42(2 + 63) ಆಗುತ್ತದೆ, ಅಂದರೆ 2730. ನಿಜವಾದ ಮೊತ್ತ 210. ಮೊದಲ ಭಾಗಾಕಾರ ಸರಿ ಬಂದಿರುವುದರಿಂದ ಎರಡನೆಯದರ ಮೇಲೆ ಅನುಮಾನ ಹುಟ್ಟುವುದಿಲ್ಲ. ಈ ತಪ್ಪಿನ ಅಪಾಯ ಇರುವುದೇ ಅಲ್ಲಿ.

ಪರಿಹಾರ: ಮ.ಸಾ.ಅ. ಬಂದ ಕೂಡಲೇ ಅದನ್ನು ಎ ಎಂಬ ಖಾನೆಯಲ್ಲಿ ಇಟ್ಟುಬಿಡಿ. ಶಿಫ್ಟ್, ಆರ್‌ಸಿಎಲ್, ಆಮೇಲೆ ಋಣಚಿಹ್ನೆಯ ಗುಂಡಿ (ಆವರಣದೊಳಗೆ ಅಡ್ಡಗೆರೆ ಇರುವುದು, ಎ ಅಕ್ಷರ ಅದರ ಮೇಲೆಯೇ ಇದೆ). ಇನ್ನು ಮುಂದೆ 168 ÷ ಎ, 252 ÷ ಎ, 396 ÷ ಎ ಎಂದು ಒತ್ತುತ್ತ ಹೋದರೆ 14, 21, 33 ಸಾಲಾಗಿ ಬರುತ್ತವೆ. ಎ ಬೇಕಾದಾಗ ಆಲ್ಫಾ ಒತ್ತಿ ಅದೇ ಋಣಚಿಹ್ನೆಯ ಗುಂಡಿ ಒತ್ತಬೇಕು. ಪ್ರತಿ ಸಲ ಪೂರ್ತಿ ಒತ್ತಬೇಕಾಗಿಯೂ ಇಲ್ಲ. ಉತ್ತರ ಬಂದಮೇಲೆ ಎಡ ಬಾಣ ಒತ್ತಿದರೆ ಹಿಂದಿನ ಸಾಲು ತಿದ್ದಲು ಸಿಗುತ್ತದೆ, 168 ಅಳಿಸಿ 252 ಹಾಕಿದರೆ ಸಾಕು.

ಭಾಗಿಸಿದಾಗ ಪೂರ್ಣಾಂಕವೇ ಬರಬೇಕು. ಭಿನ್ನರಾಶಿ ಕಂಡರೆ ಹೊರಗೆ ತೆಗೆದ ಸಂಖ್ಯೆ ಆ ಪದದಲ್ಲಿ ಇಲ್ಲ ಎಂದರ್ಥ.

ಜಿಸಿಡಿ ಗುಂಡಿ ತನ್ನ ಬೆಲೆಯನ್ನು ನಿಜಕ್ಕೂ ದುಡಿಯುವುದು ತಾಳೆ ನೋಡುವಾಗ. ಮಕ್ಕಳು 24 + 36ನ್ನು 4(6 + 9) ಎಂದು ಬರೆದು ನಿಲ್ಲಿಸುತ್ತಾರೆ. ಬೆಲೆ ಕಟ್ಟಿ ನೋಡಿದರೆ 60ಕ್ಕೆ 60 ಸರಿಹೋಗುತ್ತದೆ, ಆದರೆ 'ಪೂರ್ಣವಾಗಿ ಅಪವರ್ತಿಸಿ' ಎಂಬ ಪ್ರಶ್ನೆಗೆ ಅದು ಅರ್ಧ ಉತ್ತರ. ಕಂಡುಹಿಡಿಯಲು ಆವರಣದೊಳಗಿನ 6 ಮತ್ತು 9ಕ್ಕೆ ಮತ್ತೊಮ್ಮೆ ಜಿಸಿಡಿ ಒತ್ತಬೇಕು. 3 ಬಂತೆಂದರೆ ಇನ್ನೂ 3 ಹೊರಗೆ ಬರಬೇಕಿತ್ತು. 1 ಬರುವವರೆಗೆ ಕೆಲಸ ಮುಗಿದಿಲ್ಲ. ಮೂರು ಪದಗಳಿದ್ದಾಗ ಸ್ವಲ್ಪ ಎಚ್ಚರ ಬೇಕು. 12(14 + 21 − 33)ರಲ್ಲಿ 14 ಮತ್ತು 21ಕ್ಕೆ ಜಿಸಿಡಿ ಒತ್ತಿದರೆ 7 ಬರುತ್ತದೆ. ಹಾಗೆಂದು 7ನ್ನು ಹೊರಗೆ ಎಳೆಯುವಂತಿಲ್ಲ, 33ರಲ್ಲಿ ಅದಿಲ್ಲ. 7 ಮತ್ತು 33ಕ್ಕೆ ಒತ್ತಿದಾಗ 1 ಬರುತ್ತದೆ. ಲೆಕ್ಕಕ್ಕೆ ಬರುವುದು ಆ 1.

ದೊಡ್ಡದು ಕೊಡುತ್ತದೆ, ಅನುಕೂಲದ್ದು ಕೊಡುವುದಿಲ್ಲ

ಸಂಖ್ಯೆಗಳ ಉಕ್ತಿಯಲ್ಲಿ ಕಾಮನ್ ತೆಗೆಯುವುದಕ್ಕೆ ಎರಡು ಉದ್ದೇಶಗಳಿರುತ್ತವೆ. ಒಂದು, ಮುಂದೆ ಬೀಜಗಣಿತದಲ್ಲಿ ಬರುವ ಅಪವರ್ತನಕ್ಕೆ ಕೈ ಪಳಗಿಸುವುದು. ಇನ್ನೊಂದು, ಬಾಯಿಲೆಕ್ಕ ಸುಲಭ ಮಾಡಿಕೊಳ್ಳುವುದು. ಮೊದಲನೆಯದಕ್ಕೆ ಅತಿ ದೊಡ್ಡ ಸಾಮಾನ್ಯ ಅಪವರ್ತನ ಬೇಕು. ಎರಡನೆಯದಕ್ಕೆ ಬೇಕಾದದ್ದು ಆವರಣದೊಳಗೆ 10, 100, 1000ದಂಥ ಸಂಖ್ಯೆ ಕೂಡಿಬರುವ ಅಪವರ್ತನ. ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ.

17 × 64 + 17 × 36 ನೋಡಿ. ಕಣ್ಣಿಗೇ ಕಾಣುತ್ತಿದೆ: 17(64 + 36) = 17 × 100 = 1700. ಇದನ್ನೇ ಯಂತ್ರಕ್ಕೆ ಕೊಟ್ಟರೆ ಅದು 1088 ಮತ್ತು 612 ಎಂದು ಗುಣಿಸಿಕೊಂಡು 68 ಎನ್ನುತ್ತದೆ. 68(16 + 9), ಅಂದರೆ 68 × 25. ತಪ್ಪೇನಿಲ್ಲ, 1700 ಬರುತ್ತದೆ. ಆದರೆ 17ನ್ನು 100ರಿಂದ ಗುಣಿಸುವ ಸುಖ ಬಿಟ್ಟು 68ನ್ನು 25ರಿಂದ ಗುಣಿಸಲು ಹೊರಟಂತಾಯಿತು.

ಇನ್ನೊಂದು: 125 × 48 + 250 × 26. ಎರಡು ಪದಗಳಲ್ಲೂ ಒಂದೇ ಸಂಖ್ಯೆ ಎದ್ದು ಕಾಣುತ್ತಿಲ್ಲ. 250ರೊಳಗೆ ಎರಡು 125 ಇವೆ ಎಂದು ಹೊಳೆದರೆ ಎರಡನೇ ಪದ 125 × 52 ಆಗುತ್ತದೆ, ಒಟ್ಟು 125(48 + 52) = 12500. ಯಂತ್ರದ ಉತ್ತರ 500. 500(12 + 13). ಇಲ್ಲಿ ಯಂತ್ರದ್ದೂ ಕೆಟ್ಟದಲ್ಲ, 500 × 25 ಬಾಯಲ್ಲೇ ಆಗುತ್ತದೆ. ಆದರೆ 52 ಎಂಬ ಸಂಖ್ಯೆ ಎಲ್ಲಿಂದ ಬಂತು, 26ನ್ನು ಯಾಕೆ ದ್ವಿಗುಣ ಮಾಡಿದೆವು ಎಂದು ಮಗುವಿಗೆ ತೋರಿಸಬೇಕಾದ ಆ ಒಂದು ಹೆಜ್ಜೆಯನ್ನು ಯಂತ್ರ ನುಂಗಿಹಾಕಿತು. ಬಾಯಿಲೆಕ್ಕ ಕಲಿಸುವವರು ಜಿಸಿಡಿ ಗುಂಡಿಯನ್ನು ಮಕ್ಕಳ ಕೈಗೆ ಕೊಡದಿರುವುದೇ ಲೇಸು. ತಾವು ಲೆಕ್ಕ ಕಟ್ಟುವಾಗ ಬಳಸಿಕೊಳ್ಳಲಿ.

ಫ್ಯಾಕ್ಟ್: ಹೆಸರು ಕೇಳಿ ಮೋಸ ಹೋಗಬೇಡಿ

ಡಿಗ್ರಿ-ನಿಮಿಷ-ಸೆಕೆಂಡಿನ ಗುಂಡಿಯ ಮೇಲೆ ಹಳದಿಯಲ್ಲಿ ಫ್ಯಾಕ್ಟ್ ಎಂದಿದೆ. ಇದನ್ನು ಫ್ಯಾಕ್ಟೋರಿಯಲ್ ಎಂದುಕೊಳ್ಳುವವರು ಬಹಳ. ಫ್ಯಾಕ್ಟೋರಿಯಲ್‌ಗೆ ಬೇರೆ ಗುಂಡಿ ಇದೆ, ಆಶ್ಚರ್ಯಸೂಚಕ ಚಿಹ್ನೆಯದು. ಫ್ಯಾಕ್ಟ್ ಎಂದರೆ ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು. 168 ಒತ್ತಿ, ಸಮಚಿಹ್ನೆ ಒತ್ತಿ, ಆಮೇಲೆ ಶಿಫ್ಟ್ ಮತ್ತು ಆ ಗುಂಡಿ. ಪರದೆಯ ಮೇಲೆ 2³ × 3 × 7. ಸಮಚಿಹ್ನೆ ಒತ್ತದೆ ನೇರವಾಗಿ ಒತ್ತಿದರೆ ಕೆಲಸ ಆಗದು. ಪರದೆಯಲ್ಲಿ ಉತ್ತರವಾಗಿ ಕುಳಿತಿರುವ ಸಂಖ್ಯೆಯನ್ನಷ್ಟೇ ಅದು ಒಡೆಯುತ್ತದೆ. ಯಂತ್ರ ಸಾಮಾನ್ಯ ಲೆಕ್ಕದ ಕಾಂಪ್ ಮೋಡ್‌ನಲ್ಲಿ ಇರಬೇಕು (ಮೋಡ್, 1).

252 ಒಡೆದರೆ 2² × 3² × 7. 396 ಒಡೆದರೆ 2² × 3² × 11. ಮೂರನ್ನೂ ಒಂದರ ಕೆಳಗೊಂದು ಕಾಗದದ ಮೇಲೆ ಬರೆದುಕೊಂಡು, ಮೂರರಲ್ಲೂ ಇರುವ ಅವಿಭಾಜ್ಯಗಳನ್ನು ಅತಿ ಸಣ್ಣ ಘಾತದೊಂದಿಗೆ ಆರಿಸಿ: 2² ಮತ್ತು 3. ಗುಣಿಸಿದರೆ 12. ಜಿಸಿಡಿ ಗುಂಡಿಗಿಂತ ಇದು ನಿಧಾನ. ಆದರೆ ಕಲಿಸುವವರಿಗೆ ಇದೇ ಮೇಲು ಎನ್ನುತ್ತೇವೆ, ಏಕೆಂದರೆ 7 ಏಕೆ ಹೊರಗೆ ಬರಲಿಲ್ಲ, ಎರಡನೇ 3 ಏಕೆ ಬರಲಿಲ್ಲ ಎಂಬುದು ಕಣ್ಣೆದುರಿಗೆ ಇರುತ್ತದೆ. ಜಿಸಿಡಿ ಬರೀ ಉತ್ತರ ಹೇಳಿ ಸುಮ್ಮನಾಗುತ್ತದೆ.

ಫ್ಯಾಕ್ಟ್ ಬಳಸುವವರು ಮಾಡುವ ದೊಡ್ಡ ತಪ್ಪು ಇದು: ಇಡೀ ಉಕ್ತಿಯನ್ನು ಒತ್ತಿ, ಮೊತ್ತ ಬಂದಮೇಲೆ ಅದನ್ನು ಒಡೆಯುವುದು. 84 + 126 ಒತ್ತಿದರೆ 210, ಒಡೆದರೆ 2 × 3 × 5 × 7. ಆಹಾ, 5 ಇದೆ ಎಂದು 5ನ್ನು ಹೊರಗೆ ತರಲು ಹೋದರೆ ಸಿಕ್ಕಿಬೀಳುತ್ತೀರಿ. 84ರಲ್ಲೂ 5 ಇಲ್ಲ, 126ರಲ್ಲೂ ಇಲ್ಲ. ಆ 5 ಹುಟ್ಟಿದ್ದು ಆವರಣದೊಳಗಿನ 2 ಮತ್ತು 3 ಕೂಡಿದಾಗ. ಮೊತ್ತದ ಅಪವರ್ತನ ಬೇರೆ, ಪದಗಳ ಸಾಮಾನ್ಯ ಅಪವರ್ತನ ಬೇರೆ. ಎರಡನೆಯದು ಮೊದಲನೆಯದರಲ್ಲಿ ಖಂಡಿತ ಇರುತ್ತದೆ, ತಿರುಗಿಸಿ ಹೇಳಿದರೆ ಸುಳ್ಳು.

ಮಿತಿಗಳು: 10 ಅಂಕಿಯವರೆಗಿನ ಧನ ಪೂರ್ಣಾಂಕ ಮಾತ್ರ. ಋಣ ಸಂಖ್ಯೆ, ದಶಮಾಂಶ, ಭಿನ್ನರಾಶಿ ಕೊಟ್ಟರೆ ಮ್ಯಾತ್ ಎರರ್. ದೊಡ್ಡ ಅವಿಭಾಜ್ಯಗಳು ಎರಡು ಸೇರಿದ್ದರೆ ಸೋತು ಆ ಭಾಗವನ್ನು ಆವರಣದಲ್ಲಿ ಇಟ್ಟುಬಿಡುತ್ತದೆ. 4104676ನ್ನು ಕೊಟ್ಟು ನೋಡಿ: 2² × (1026169) ಎಂದು ಬರುತ್ತದೆ. ಆವರಣದೊಳಗಿರುವುದು 1013ರ ವರ್ಗ. ಅಂದರೆ ಪರದೆಯಲ್ಲಿ ಆವರಣ ಕಂಡರೆ 'ಇದು ಅವಿಭಾಜ್ಯ' ಎಂದಲ್ಲ, 'ನನ್ನಿಂದ ಆಗಲಿಲ್ಲ' ಎಂದು. ಶಾಲೆಯ ಲೆಕ್ಕಗಳು ಇಷ್ಟು ದೂರ ಹೋಗುವುದಿಲ್ಲ.

ದಶಮಾಂಶ, ಭಿನ್ನರಾಶಿ, ಅಂಗಡಿ ಲೆಕ್ಕ

ಜಿಸಿಡಿಗೂ ದಶಮಾಂಶ ಆಗದು. 3.6 + 5.4ಕ್ಕೆ ನೇರವಾಗಿ ಒತ್ತಿದರೆ ಮ್ಯಾತ್ ಎರರ್. ಎರಡನ್ನೂ 10ರಿಂದ ಗುಣಿಸಿ 36, 54ಕ್ಕೆ ಒತ್ತಿ, ಬಂದ 18ನ್ನು 10ರಿಂದ ಭಾಗಿಸಿ: 1.8(2 + 3). ಇಲ್ಲಿ ಯಂತ್ರದ ಪರವಾಗಿ ಒಂದು ಮಾತು ಹೇಳಬೇಕು. ಎಕ್ಸೆಲ್‌ನ ಜಿಸಿಡಿಗೆ 3.6 ಮತ್ತು 5.4 ಕೊಟ್ಟರೆ ಅದು ಎರರ್ ಕೊಡುವುದಿಲ್ಲ. ದಶಮಾಂಶ ಭಾಗವನ್ನು ಕತ್ತರಿಸಿ 3 ಮತ್ತು 5 ಎಂದುಕೊಂಡು ಸದ್ದಿಲ್ಲದೆ 1 ಎನ್ನುತ್ತದೆ. ಸುಳ್ಳು ಉತ್ತರಕ್ಕಿಂತ ಎರರ್ ವಾಸಿ.

ಭಿನ್ನರಾಶಿಗಳಲ್ಲಿ ಎರಡೂ ಗುಂಡಿಗಳು ಒಟ್ಟಿಗೆ ಕೆಲಸಕ್ಕೆ ಬರುತ್ತವೆ, ಇದು ನಮಗೆ ಬಲು ಇಷ್ಟವಾದ ಬಳಕೆ. 14/15 + 21/25ರಲ್ಲಿ ಅಂಶಗಳಾದ 14, 21ಕ್ಕೆ ಜಿಸಿಡಿ: 7. ಛೇದಗಳಾದ 15, 25ಕ್ಕೆ ಎಲ್‌ಸಿಎಂ: 75. ಹೊರಗೆ ಬರುವುದು 7/75, ಒಳಗೆ 10 + 9. ಮೊತ್ತ 133/75. ಭಿನ್ನರಾಶಿಗಳು ಮೊದಲೇ ಸಂಕ್ಷಿಪ್ತ ರೂಪದಲ್ಲಿರಬೇಕು ಎಂಬುದೊಂದೇ ಷರತ್ತು; ಯಂತ್ರದಲ್ಲಿ ಭಿನ್ನರಾಶಿ ಹಾಕಿ ಸಮಚಿಹ್ನೆ ಒತ್ತಿದರೆ ಅದೂ ಆಗುತ್ತದೆ. ಛೇದಗಳಿಗೆ ಲ.ಸಾ.ಅ. ತೆಗೆಯುವ ಈ ದಾರಿ ನಮ್ಮ ನೆಲಕ್ಕೆ ಹೊಸದಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಇದನ್ನು 'ನಿರುದ್ಧ' ಎಂದು ಕರೆದು ಭಿನ್ನರಾಶಿ ಕೂಡಲು ಬಳಸಿದ್ದ.

ಅಂಗಡಿ ಬಿಲ್ಲಿನಲ್ಲಿ ಕಾಮನ್ ತೆಗೆಯುವುದು ದಿನನಿತ್ಯದ ಮಾತು. 450, 1250, 300 ರೂಪಾಯಿಯ ಮೂರು ವಸ್ತುಗಳಿಗೆ ಶೇ. 18 ತೆರಿಗೆಯಾದರೆ ಮೂರು ಸಲ ಗುಣಿಸುವ ಬದಲು 0.18(450 + 1250 + 300) = 360. ಗುಂಡಿ ಒತ್ತು ಕಡಿಮೆಯಾಗುತ್ತದೆ. ಆದರೆ ಬಿಲ್ಲಿನ ಪ್ರತಿ ಸಾಲನ್ನೂ ಪೈಸೆಗೆ ಸರಿಮಾಡಿ (ರೌಂಡ್ ಆಫ್) ಆಮೇಲೆ ಕೂಡಿದ್ದರೆ ತಾಳೆಯಾಗದೆ ತಲೆ ಕೆಡುತ್ತದೆ. 33.30 ರೂಪಾಯಿಯ ಮೂರು ವಸ್ತು, ಶೇ. 5 ತೆರಿಗೆ ಎನ್ನಿ. ಒಂದೊಂದಕ್ಕೆ 1.665, ಸರಿಮಾಡಿದರೆ 1.67, ಮೂರಕ್ಕೆ 5.01. ಕಾಮನ್ ತೆಗೆದರೆ 0.05 × 99.90 = 4.995, ಸರಿಮಾಡಿದರೆ 5.00. ಒಂದು ಪೈಸೆ ಎಲ್ಲಿ ಹೋಯಿತೆಂದು ಹುಡುಕಬೇಡಿ. ಹೊರಗೆ ತರುವ ನಿಯಮ ನಿಲ್ಲುವುದು ಸರಿಮಾಡದ ಸಂಖ್ಯೆಗಳಿಗೆ. ನಡುವೆ ಸರಿಮಾಡಿದರೆ ಅದು ಮುರಿಯುತ್ತದೆ.

ತಾಳೆ ನೋಡುವಾಗ ಯಂತ್ರವೇ ದಾರಿ ತಪ್ಪಿಸುವ ಜಾಗ

ಆವರಣದ ಹಿಂದೆ ಗುಣಾಕಾರ ಚಿಹ್ನೆ ಬಿಟ್ಟು ಬರೆಯುವುದು ನಮ್ಮ ರೂಢಿ. 84(37 + 63) ಎಂದು ಹಾಗೆಯೇ ಒತ್ತಿದರೂ ಯಂತ್ರ ಸರಿಯಾಗಿ 8400 ಎನ್ನುತ್ತದೆ. ಮುಂದೆ ಭಾಗಾಕಾರ ಬಂತೆಂದರೆ ಕತೆ ಬೇರೆ. 8400 ÷ 84(37 + 63) ಒತ್ತಿದರೆ ಉತ್ತರ 1. ಚಿಹ್ನೆ ಹಾಕಿ 8400 ÷ 84 × (37 + 63) ಒತ್ತಿದರೆ 10000. ಚಿಹ್ನೆ ಬಿಟ್ಟ ಗುಣಾಕಾರಕ್ಕೆ ಈ ಮಾದರಿ ಭಾಗಾಕಾರಕ್ಕಿಂತ ಮೊದಲ ಸ್ಥಾನ ಕೊಡುತ್ತದೆ, ಕಾರಣ ಇಷ್ಟೆ. ಇದರ ನಂತರ ಬಂದ ಕ್ಲಾಸ್‌ವಿಜ್ 991ಇಎಕ್ಸ್ ಕೂಡ ಹೀಗೆಯೇ ಮಾಡುತ್ತದೆ, ಆದರೆ ತಾನು ಹೇಗೆ ಓದಿಕೊಂಡೆ ಎಂದು ಆವರಣ ಸೇರಿಸಿ ತೋರಿಸುವ ಸೌಜನ್ಯ ಅದಕ್ಕಿದೆ. ಇಎಸ್ ಪ್ಲಸ್‌ನಲ್ಲಿ ಸುರಕ್ಷಿತ ಅಭ್ಯಾಸ ಒಂದೇ: ಅಪವರ್ತನ ಮತ್ತು ಆವರಣದ ನಡುವೆ × ಒತ್ತುವುದು.

ಮಕ್ಕಳ ತಪ್ಪುಗಳಲ್ಲಿ ಯಂತ್ರ ಚೆನ್ನಾಗಿ ಹಿಡಿಯುವ ಎರಡನ್ನು ಹೇಳಬೇಕು. ಮೊದಲನೆಯದು, ಕಾಣೆಯಾಗುವ 1. 35 + 35 × 99ರಲ್ಲಿ 35 ಹೊರಗೆ ಬಂದಮೇಲೆ ಮೊದಲ ಪದದ ಜಾಗದಲ್ಲಿ ಏನೂ ಉಳಿಯಲಿಲ್ಲ ಎಂದುಕೊಂಡು 35(99) ಬರೆದುಬಿಡುತ್ತಾರೆ. 35 ÷ 35 ಎಂದರೆ 1, ಸೊನ್ನೆಯಲ್ಲ. 35(1 + 99) = 3500 ಬರಬೇಕಾದಲ್ಲಿ 3465 ಬರುತ್ತದೆ. ವ್ಯತ್ಯಾಸ ನಿಖರವಾಗಿ 35, ಅಂದರೆ ಹೊರಗೆ ತೆಗೆದ ಅಪವರ್ತನದಷ್ಟೇ. ತಿದ್ದುವವರಿಗೆ ಇದು ಒಳ್ಳೆಯ ಸುಳಿವು: ಎರಡು ಬೆಲೆಗಳ ವ್ಯತ್ಯಾಸ ಹೊರಗಿನ ಸಂಖ್ಯೆಗೆ ಸಮವಾಗಿದ್ದರೆ 1 ಬಿಟ್ಟುಹೋಗಿದೆ.

ಎರಡನೆಯದು ಚಿಹ್ನೆ. −14 × 9 + 14 × 2ರಲ್ಲಿ −14 ಹೊರಗೆ ತಂದರೆ ಒಳಗಿನ + ತಿರುಗಿ − ಆಗಬೇಕು: −14(9 − 2) = −98. ಹಾಗೆಯೇ + ಬಿಟ್ಟರೆ −154. ಒತ್ತುವಾಗ ಮೊದಲಿನ ಋಣಚಿಹ್ನೆಗೆ ಆವರಣದ ಗೆರೆ ಇರುವ ಗುಂಡಿ, ನಡುವಿನ ವ್ಯವಕಲನಕ್ಕೆ ಮಾಮೂಲಿ ಗುಂಡಿ.

ಒಂದೊಂದೇ ಲೆಕ್ಕಕ್ಕೆ ಒತ್ತುವ ಬದಲು ನಿಯಮವನ್ನೇ ಪರೀಕ್ಷಿಸಬೇಕೆಂದರೆ ಕ್ಯಾಲ್ಕ್ ಗುಂಡಿ ಇದೆ. ಎ × ಬಿ + ಎ × ಸಿ − ಎ × (ಬಿ + ಸಿ) ಎಂದು ಅಕ್ಷರಗಳಲ್ಲೇ ಒತ್ತಿ ಕ್ಯಾಲ್ಕ್ ಒತ್ತಿದರೆ ಯಂತ್ರ ಒಂದೊಂದರ ಬೆಲೆ ಕೇಳುತ್ತದೆ. ಏನೇ ಕೊಟ್ಟರೂ 0 ಬರುತ್ತದೆ. ಮಗು ಬರೆದ ತಪ್ಪು ನಿಯಮವನ್ನು, ಉದಾಹರಣೆಗೆ ಎ + ಎ × ಬಿ − ಎ × ಬಿ ಎಂದು ಒತ್ತಿ ನೋಡಿದರೆ 0 ಬದಲು ಎ ಬೆಲೆಯೇ ಬರುತ್ತದೆ. ಬೆಲೆ ಕೊಡುವಾಗ 0 ಕೊಡಬೇಡಿ. ಎ ಸೊನ್ನೆಯಾದರೆ ಇಂಥ ತಪ್ಪು ನಿಯಮವೂ ಸರಿಯಾಗಿಯೇ ಕಾಣುತ್ತದೆ. 7, 11, 13ರಂಥ ಬೇರೆ ಬೇರೆ ಸಂಖ್ಯೆ ಕೊಡಿ.

ಕೊಳ್ಳುವ ಮಾತು

ಕೇವಲ ಈ ಕೆಲಸಕ್ಕಾಗಿ ಸಾವಿರ ರೂಪಾಯಿ ದಾಟುವ ಯಂತ್ರ ಕೊಳ್ಳಬೇಕಿಲ್ಲ. ಈಗಾಗಲೇ ಮನೆಯಲ್ಲಿ ಅಣ್ಣನದೋ ಅಕ್ಕನದೋ ಒಂದು ಇದ್ದರೆ ತೆಗೆದು ಒರೆಸಿ ಇಟ್ಟುಕೊಳ್ಳಿ. ಸೋಲಾರ್ ಜೊತೆಗೆ ಒಂದು ಎಲ್‌ಆರ್44 ಬ್ಯಾಟರಿ, ವರ್ಷಗಟ್ಟಲೆ ಬರುತ್ತದೆ. ಎಂಟು-ಹತ್ತನೇ ತರಗತಿಯ ಮಗುವಿಗೆ ಹೊಸದಾಗಿ ತರುವುದಾದರೆ ಮುಂದೆ ಡಿಪ್ಲೊಮಾ, ಪದವಿಗೂ ಬೇಕಾಗುತ್ತದೆ ಎಂಬ ಲೆಕ್ಕದಲ್ಲಿ ತನ್ನಿ. ಈ ಒಂದು ಕೆಲಸಕ್ಕೆ ಅಂಕ ಕೊಡುವುದಾದರೆ 5ಕ್ಕೆ 3: ತಾಳೆ ನೋಡಲು ಪೂರ್ತಿ ಅಂಕ, ಮೂರು ಪದ ಬಂದಾಗ ಕೊಡುವ ಕಾಟಕ್ಕೆ ಒಂದು ಕಡಿತ, ಕತ್ತಲೆ ಬಣ್ಣದ ಮೇಲೆ ಕಣ್ಣಿಗೆ ಬೀಳದ ಆ ಪುಟ್ಟ ಕೆಂಪಕ್ಷರಗಳಿಗೆ ಇನ್ನೊಂದು.

ಹೊಸ ಪೀಳಿಗೆಯ 991ಸಿಡಬ್ಲ್ಯೂ ಕಡೆ ಕೈ ಹೋದರೆ ಇದು ನೆನಪಿರಲಿ: ಜಿಸಿಡಿ ಅದರಲ್ಲಿ ಗುಂಡಿಯ ಮೇಲಿಲ್ಲ, ಕ್ಯಾಟಲಾಗ್ ಒಳಗೆ ನ್ಯೂಮರಿಕ್ ಕ್ಯಾಲ್ಕ್ ಎಂಬಲ್ಲಿ ಅಡಗಿದೆ, ಅವಿಭಾಜ್ಯವಾಗಿ ಒಡೆಯುವುದು ಫಾರ್ಮ್ಯಾಟ್ ಮೆನುವಿನಲ್ಲಿ ಪ್ರೈಮ್ ಫ್ಯಾಕ್ಟರ್ ಎಂಬ ಹೆಸರಿನಲ್ಲಿದೆ. ಇಎಸ್ ಪ್ಲಸ್‌ನ ಬೆರಳ ಅಭ್ಯಾಸ ಅಲ್ಲಿ ನಡೆಯದು.

ಅಂಗಡಿಯ ಕೌಂಟರಿನಲ್ಲೇ ಮೂರು ಲೆಕ್ಕ ಒತ್ತಿ ನೋಡಿ. 28 ಮತ್ತು 35ಕ್ಕೆ ಜಿಸಿಡಿ: 7. 1014 ಒತ್ತಿ ಸಮಚಿಹ್ನೆ, ಶಿಫ್ಟ್, ಫ್ಯಾಕ್ಟ್: 2 × 3 × 13². ಮೂರನೆಯದು 4104676, ಆವರಣ ಸಮೇತ ಮೇಲೆ ಹೇಳಿದ ಉತ್ತರ. ಗುಣಾಕಾರದ ಗುಂಡಿಯ ಮೇಲೆ ಕೆಂಪಕ್ಷರವೇ ಇಲ್ಲದಿದ್ದರೆ ಅದು ಬೇರೆ ಮಾದರಿ, ಡಬ್ಬಿಯ ಮೇಲೆ ಏನೇ ಬರೆದಿರಲಿ, ವಾಪಸ್ ಕೊಡಿ.